ವೀರಗಾಸೆ: ನೆರೆದವರ ಪಾಲು

ಬಯಲುಸೀಮೆ ಮಲೆನಾಡನ್ನು ತಾಗುವ ಕಡೂರು, ತರೀಕೆರೆ ಮತ್ತು ಇತ್ತೀಚಿನವರೆಗೂ ತರೀಕೆರೆ ತಾಲ್ಲೂಕಿಗೇ ಸೇರಿದ್ದ ಅಜ್ಜಂಪುರದ ಸುತ್ತಿನಲ್ಲಿ ವೀರಗಾಸೆ ಇಂದಿಗೂ ಬಳಕೆಯಲ್ಲಿರುವ ಕುಣಿತ. ದಕ್ಷಯಜ್ಞವನ್ನು ಕೆಡಿಸಿದ ವೀರಭದ್ರನ ಕಥೆ ಇದರ ವಸ್ತು. ಹೆಚ್ಚಾಗಿ ವೀರಶೈವ ಲಿಂಗಾಯತ ಮನೆತನಗಳಲ್ಲಿ ಉಳಿದುಬಂದಿದ್ದು, ಶ್ರಾವಣ, ಕಾರ್ತಿಕ, ಜಾತ್ರೆ, ವೀರಭದ್ರನಿಗೆ ಹರಕೆಯಾಗಿ ಸಲ್ಲಿಸುವ ಗುಗ್ಗಳ ಸೇವೆಗಳಲ್ಲಿ ನಡೆಯುತ್ತದೆ.

ವೇಷ, ವಾದ್ಯ. ಕಾವಿ ಕಚ್ಚೆ, ರುದ್ರಾಕ್ಷಿ, ಹಣೆಗೂ ತೋಳಿಗೂ ವಿಭೂತಿ, ಕೈಯಲ್ಲಿ ಕತ್ತಿ. ಕರಡೆ, ಸಮ್ಮಾಳ, ತಾಳ, ಮುಖವೀಣೆ ಮುಖ್ಯ ವಾದ್ಯಗಳು. ಊರಿಂದೂರಿಗೆ ವ್ಯತ್ಯಾಸವುಂಟು.

ಒಡಪು. ವೀರಗಾಸೆಯನ್ನು ಬರಿಯ ಕುಣಿತವೆಂದು ಬಣ್ಣಿಸುವುದು ಅರ್ಧ ಮಾತು. ವಾದ್ಯ ತಟ್ಟನೆ ನಿಲ್ಲುತ್ತದೆ. ಒಬ್ಬ ಕಲಾವಿದ ಮುಂದೆ ಬಂದು, ಕತ್ತಿ ಝಳಪಿಸಿ, ಏರುದನಿಯಲ್ಲಿ ವೀರಭದ್ರನ ಹುಟ್ಟನ್ನೋ ದಕ್ಷನ ಸೊಕ್ಕನ್ನೋ ಹೇಳತೊಡಗುತ್ತಾನೆ. ಇದು ಒಡಪು. ಪ್ರತಿ ನಿಲುಗಡೆಗೂ ಮೇಳದವರು 'ಅಹಹಾ ರುದ್ರಾ, ಅಹಹಾ ದೇವಾ' ಎನ್ನುತ್ತಾರೆ. ಮೇಳದ ದನಿಗೆ ಸುತ್ತ ನಿಂತವರ ದನಿಯೂ ಕೂಡಿದರೆ ಒಡಪು ಬೆಳೆಯುತ್ತದೆ: ಹೇಳುವವನು ವಿಶೇಷಣಗಳನ್ನು ಪೇರಿಸುತ್ತಾನೆ, ಉಸಿರು ಕಟ್ಟಿ ಇನ್ನೊಂದು ಸಾಲು ಎಳೆಯುತ್ತಾನೆ. ಜನ ತಣ್ಣಗಿದ್ದರೆ ಬೇಗ ಮುಗಿಸಿ ಕರಡೆಯವನಿಗೆ ಕಣ್ಣಲ್ಲೇ ಸೂಚನೆ ಕೊಡುತ್ತಾನೆ. ಹೀಗಾಗಿ ಒಂದೇ ಒಡಪಿಗೆ ನಿಶ್ಚಿತ ಉದ್ದವೆಂಬುದಿಲ್ಲ. ಬರೆದಿಟ್ಟ ಪಠ್ಯಗಳನ್ನು ಓದುವಾಗ ಇದನ್ನು ಮರೆಯಬಾರದು.

ವೀರಭದ್ರನ ಇದೇ ಕಥೆಯನ್ನು 13ನೆಯ ಶತಮಾನದ ಕವಿ ರಾಘವಾಂಕ 'ವೀರೇಶಚರಿತೆ'ಯಲ್ಲಿ ಹೇಳಿದ್ದಾನೆ. ಅದಕ್ಕೆ ಆರಿಸಿಕೊಂಡ ಛಂದಸ್ಸು ಉದ್ದಂಡ ಷಟ್ಪದಿ. ಪದ್ಯವನ್ನು ಬೇಕಾದಷ್ಟು ಹಿಗ್ಗಿಸಲು ಅದರಲ್ಲಿ ಎಡೆಯಿದೆ. ಒಡಪು ಕಾವ್ಯದಿಂದ ಇಳಿದುಬಂತೋ, ಕಾವ್ಯವೇ ಒಡಪಿನಂಥ ಬಾಯಿಮಾತಿನ ಪರಂಪರೆಯಿಂದ ಕಸುವು ಪಡೆಯಿತೋ, ಖಚಿತವಾಗಿ ಹೇಳುವಂತಿಲ್ಲ. ಎರಡನೆಯದನ್ನು ಸುಲಭವಾಗಿ ತಳ್ಳಿಹಾಕಲಾಗದು.

ಮೈಗೆ ಶಸ್ತ್ರ ಚುಚ್ಚಿಕೊಳ್ಳುವ ಪವಾಡದ ಹೊತ್ತಿಗೆ ಕೂಗೂ ವಾದ್ಯವೂ ತಾರಕಕ್ಕೇರುತ್ತವೆ. ನೋಡುವವರು ಆಗ ಪ್ರೇಕ್ಷಕರಲ್ಲ, ಭಕ್ತರು.

ಮೌನದ ಪಾಲು. ಕಡೂರು ತಾಲ್ಲೂಕಿನ ಬೀರೂರಿನಲ್ಲಿ ದಸರೆಯ ಸಂದರ್ಭದಲ್ಲಿ ನಡೆಯುವ ಮೈಲಾರಲಿಂಗನ ಕಾರ್ಣಿಕ, ಅಂದರೆ ದೈವದ ಭವಿಷ್ಯವಾಣಿ, ಒಡಪಿಗೆ ತಿರುಗುಮುರುಗು. ಅಲ್ಲಿ ಜನ ಸದ್ದಡಗಿಸಿದ ಮೇಲಷ್ಟೇ ನುಡಿ ಹೊರಡುತ್ತದೆ. ಮಳೆ, ಬೆಳೆ, ರಾಜಕೀಯಕ್ಕೆ ಅದರ ಅರ್ಥ ಕಟ್ಟುವವರೂ ಜನರೇ.

ವೇದಿಕೆ, ಧ್ವನಿವರ್ಧಕ. ಮೈಸೂರು ದಸರಾ ಮೆರವಣಿಗೆಯಂಥಲ್ಲಿ ಒಡಪಿಗೆ ಪುರಸೊತ್ತಿಲ್ಲ, ಕುಣಿತವೇ ಮುಂದಾಗುತ್ತದೆ. ವೇದಿಕೆಯ ಮೇಲಾದರೆ ಒಡಪು ಹೇಳುವವನು ಮೈಕಿನ ಮುಂದೆ ನಿಲ್ಲಬೇಕು, ಜನ ಒಂದೇ ದಿಕ್ಕಿಗೆ; ಅವರ ದನಿ ಮೊದಲಿನಂತೆ ಅವನನ್ನು ಸುತ್ತುವರಿಯದು. ರಾಕ್ ಸಂಗೀತಗಾರರು ಈ ತೊಡಕನ್ನು ಬೇರೆ ರೀತಿ ಎದುರಿಸಿದ್ದಾರೆ: ಕಿವಿಯೊಳಗಿನ ಮಾನಿಟರ್ ಹಾಕಿಕೊಂಡ ಗಾಯಕನಿಗೆ ಸಭೆಯ ಸದ್ದು ಸರಿಯಾಗಿ ಕೇಳಿಸದು, ಅದಕ್ಕೆಂದೇ ಜನರ ಕಡೆಗೆ ಪ್ರತ್ಯೇಕ ಮೈಕ್ ಇಟ್ಟು ಆ ಗದ್ದಲವನ್ನು ಅವನ ಕಿವಿಗೆ ಮರಳಿಸುತ್ತಾರೆ. ವೀರಗಾಸೆಯ ಧ್ವನಿಮುದ್ರಣ ಮಾಡುವವರೂ ಕರಡೆಯ ಮುಂದೊಂದು, ಜನರ ಮುಂದೊಂದು ಮೈಕ್ ಇಡುವುದು ಒಳ್ಳೆಯದು.