ಲಾಗ್ ದೋಷಶೋಧಕ: ಎಐ ಏಜೆಂಟ್‌ಗಳಿಗೆ ಕೈಪಿಡಿ

ಯಂತ್ರವಾಗಲಿ ತಂತ್ರಾಂಶವಾಗಲಿ ತನ್ನ ಕೆಲಸದ ಬಗ್ಗೆ ಹೊತ್ತುಹೊತ್ತಿಗೆ ಬರೆದಿಡುವ ದಾಖಲೆಗೆ ಲಾಗ್ ಎನ್ನುತ್ತಾರೆ. ಅದನ್ನು ಜಾಲಾಡಿ, ತೊಂದರೆಯ ಸಾಲುಗಳನ್ನಷ್ಟೇ ಹೆಕ್ಕಿ ಕೊಡುವ ಉಪಕರಣವೇ ಲಾಗ್ ದೋಷಶೋಧಕ. ಬಹುಕಾಲ ಎಂಜಿನಿಯರುಗಳ ಕೈಯಲ್ಲಿದ್ದ ಈ ಉಪಕರಣವನ್ನು ಈಗ ಎಐ ಏಜೆಂಟ್‌ಗಳೂ ಬಳಸುತ್ತಿವೆ. ಒಂದು ಗುರಿ ಕೊಟ್ಟರೆ ಸಾಕು, ತಾವೇ ಉಪಕರಣ ಆರಿಸಿ, ಓಡಿಸಿ, ಫಲಿತಾಂಶ ಓದಿ ಮುಂದಿನ ಹೆಜ್ಜೆ ಇಡುವ ತಂತ್ರಾಂಶಗಳಿವು. ಅನುಮಾನ ಬಂದ ಎಂಜಿನಿಯರು ಎದ್ದು ಹೋಗಿ ಯಂತ್ರ ನೋಡುತ್ತಾನೆ, ಹಿಂದಿನ ಪಾಳಿಯವರನ್ನು ಕೇಳುತ್ತಾನೆ. ಏಜೆಂಟಿಗೆ ಹೆಚ್ಚಿನ ವೇಳೆ ಕೈಪಿಡಿಯ ಮಾತು ಮತ್ತು ಉಪಕರಣದ ಉತ್ತರ, ಇವೆರಡೇ ಗತಿ.

ಲಾಗ್ ಬರೆಯುವ ಶಿಸ್ತು ಗಣಕಕ್ಕಿಂತ ಹಳೆಯದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ತಂತಿ ಸಾಗಿದ ದೂರ ಸುಮಾರು 147 ಕಿ.ಮೀ. ಇಂಥ ವಿದ್ಯುದಾಗಾರಗಳಲ್ಲಿ ವೋಲ್ಟೇಜು, ಕರೆಂಟು, ಬೇರಿಂಗಿನ ಬಿಸಿ ಮೊದಲಾದವನ್ನು ಪಾಳಿಯವರು ಗಂಟೆಗೊಮ್ಮೆ ಲಾಗ್ ಶೀಟಿನಲ್ಲಿ ಬರೆಯುವುದು ವಾಡಿಕೆ. ಆ ಹಾಳೆಯಲ್ಲಿ ಸೊನ್ನೆಗೂ ಖಾಲಿ ಮನೆಗೂ ಅಜಗಜಾಂತರ. ಸೊನ್ನೆ ಎಂದರೆ ನೋಡಿದ್ದಾರೆ, ಏನೂ ಇರಲಿಲ್ಲ. ಖಾಲಿ ಎಂದರೆ ನೋಡಿದ್ದಕ್ಕೆ ಗುರುತೇ ಇಲ್ಲ. ದೋಷಶೋಧಕದ ಕೈಪಿಡಿ ಎಲ್ಲಕ್ಕಿಂತ ಮೊದಲು ಬಿಡಿಸಿ ಹೇಳಬೇಕಾದದ್ದು ಈ ವ್ಯತ್ಯಾಸವನ್ನೇ.

ಕೆನ್ ಥಾಂಪ್ಸನ್ 1970ರ ದಶಕದಲ್ಲಿ ಯುನಿಕ್ಸ್‌ಗಾಗಿ ಬರೆದ ‘ಗ್ರೆಪ್’ ಎಂಬ ಪಠ್ಯ ಹುಡುಕುವ ಉಪಕರಣ ಇದಕ್ಕೆ ಒಳ್ಳೆಯ ಮಾದರಿ. ಹುಡುಕಿದ್ದು ಸಿಕ್ಕರೆ ಅದು 0 ಎಂಬ ಸಂಕೇತದೊಡನೆ ಮುಗಿಯುತ್ತದೆ, ಸಿಗದಿದ್ದರೆ 1. ಕಡತ ತೆರೆಯಲಾಗದಂಥ ತೊಡಕಿದ್ದರೆ 2. ಈ 2ನ್ನು ನುಂಗಿಕೊಂಡು ‘ದೋಷವಿಲ್ಲ’ ಎಂದು ವರದಿ ಮಾಡುವ ಉಪಕರಣದಿಂದ ದೊಡ್ಡ ಅನಾಹುತವೇ ಆಗಬಹುದು. ಕಡತವನ್ನೇ ಓದದ ಉಪಕರಣದ ಮಾತು ನಂಬಿ ಏಜೆಂಟು ಎಲ್ಲ ಸರಿಯಿದೆ ಎಂದು ಸಾರಿಬಿಡುತ್ತದೆ.

ತೀವ್ರತೆಯ ಅಳತೆಯೂ ಹೀಗೆಯೇ ದಾರಿ ತಪ್ಪಿಸಬಲ್ಲದು. ಎರಿಕ್ ಆಲ್‌ಮನ್ 1980ರ ದಶಕದಲ್ಲಿ ರೂಪಿಸಿದ ‘ಸಿಸ್‌ಲಾಗ್’ ಎಂಬ ಲಾಗ್ ಪದ್ಧತಿಯ 2009ರ ಮಾನಕದಲ್ಲಿ 0ಯಿಂದ 7ರವರೆಗೆ ಎಂಟು ಹಂತಗಳಿವೆ. 0 ತುರ್ತುಸ್ಥಿತಿ, 3 ದೋಷ, 7 ಬರೀ ತಪಾಸಣೆಯ ಮಾಹಿತಿ. ಸಂಖ್ಯೆ ಇಳಿದಷ್ಟೂ ಅಪಾಯ ಹೆಚ್ಚು ಎಂಬುದನ್ನು ಕೈಪಿಡಿ ಬಾಯಿಬಿಟ್ಟು ಹೇಳಬೇಕು.

ಸಂದರ್ಭ ತಿಳಿಸದ ಕೈಪಿಡಿ ಎಷ್ಟು ದಾರಿ ತಪ್ಪಿಸಬಹುದೆಂಬುದಕ್ಕೆ ವಿಶ್ವೇಶ್ವರಯ್ಯ ನಾಲೆಯ ಗೇಜ್ ದಾಖಲೆಯನ್ನೇ ತೆಗೆದುಕೊಳ್ಳಬಹುದು. ಕೃಷ್ಣರಾಜಸಾಗರ ಅಣೆಕಟ್ಟೆಯಿಂದ ಹೊರಟು ಹುಲಿಕೆರೆ ಸುರಂಗ ದಾಟುವ ಈ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ಕವಲೊಡೆಯುತ್ತದೆ. ನೀರು ಕಡಿಮೆ ಇರುವ ವರ್ಷ ಕಟ್ಟು ಪದ್ಧತಿ ಬರುತ್ತದೆ: ಕೆಲವು ದಿನ ನೀರು, ಮತ್ತೆ ಕೆಲವು ದಿನ ಬಂದ್. ಇಂಥ ದಾಖಲೆಗೆ ದೋಷಶೋಧಕ ಹಚ್ಚಿದರೆ ಬಂದ್ ದಿನದ ಸೊನ್ನೆ ದೋಷವಲ್ಲ. ನೀರು ಬಿಟ್ಟ ದಿನ ಕೊನೇ ಭಾಗದ ತೂಬಿನಲ್ಲಿ ಕಾಣುವ ಸೊನ್ನೆಯನ್ನು ಮಾತ್ರ ಮುಚ್ಚಿಡುವಂತಿಲ್ಲ. ಅಲ್ಲಿ ಒಬ್ಬ ರೈತನ ನಾಟಿ ಒಣಗುತ್ತಿರುತ್ತದೆ. ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ. ಮಟ್ಟದ ಅಂಕಣದಲ್ಲಿ 1248 ಎಂದಿದ್ದರೆ ದಶಮಾಂಶ ಬಿಂದು ಬಿಟ್ಟುಹೋಗಿದೆ ಎಂದು ನಾಲೆಯ ನೀರು ಬಿಡುವ ಸೌಡಿಗೂ ಗೊತ್ತಾಗುತ್ತದೆ. ಏಜೆಂಟಿಗೆ ಗೊತ್ತಾಗಬೇಕಾದರೆ ಮಾನ ಮತ್ತು ಮಿತಿ ಎರಡೂ ಬರಹದಲ್ಲಿರಬೇಕು, ಕಟ್ಟಿನ ದಿನಗಳ ಪಟ್ಟಿ ಎಲ್ಲಿದೆ ಎಂಬುದೂ.

ಕನ್ನಡದ ಲಾಗ್‌ಗಳಲ್ಲಿ ಇನ್ನೊಂದು ತೊಡಕಿದೆ. ‘ದೋಷ’ ಎಂಬ ಪದದ ಓಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬೈಟು ಹೋಲಿಸುವ ಉಪಕರಣಕ್ಕೆ ಬೇರೆಬೇರೆ. ಹುಡುಕುವ ಮುನ್ನ ಉಪಕರಣ ಪಠ್ಯವನ್ನು ಏಕರೂಪಕ್ಕೆ ತರುತ್ತದೆಯೇ ಇಲ್ಲವೇ ಎಂದು ಕೈಪಿಡಿಯಲ್ಲಿ ಬರೆಯದಿದ್ದರೆ, ಎದುರಿಗಿರುವ ದೋಷವೇ ಕೈತಪ್ಪುತ್ತದೆ. ಯುನಿಕೋಡ್‌ಗೂ ಮುಂಚಿನ ಅಕ್ಷರಶೈಲಿಗಳಲ್ಲಿ ಟೈಪಾದ ಹಳೆಯ ಕಡತಗಳನ್ನಂತೂ ಮೊದಲು ಪರಿವರ್ತಿಸದೆ ಮುಟ್ಟುವಂತಿಲ್ಲ.

ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ, ಎಐಯನ್ನು ಉಪಕರಣಗಳಿಗೆ ಜೋಡಿಸುವ ಮಾನಕದಲ್ಲಿ ಪ್ರತಿ ಉಪಕರಣದ ಹೆಸರು, ವಿವರಣೆ, ಅದು ಬಯಸುವ ಮಾಹಿತಿಯ ರೂಪ ಏಜೆಂಟಿಗೆ ನೇರವಾಗಿ ತಲುಪುತ್ತವೆ. ಹೀಗಾಗಿ ಆ ವಿವರಣೆಯೇ ಕೈಪಿಡಿಯ ಮೊದಲ ಪುಟ. ಲಕ್ಷಗಟ್ಟಲೆ ಸಾಲುಗಳಲ್ಲಿ ಎಷ್ಟನ್ನು ಹಿಂದಿರುಗಿಸಿತು, ಎಷ್ಟನ್ನು ಕೈಬಿಟ್ಟಿತು ಎಂಬ ಲೆಕ್ಕ ಉತ್ತರದಲ್ಲಿ ಎಲ್ಲಿ ಸಿಗುತ್ತದೆ ಎಂಬುದು ಅದರಲ್ಲಿ ಬೇಕು. ಸಮಯ ಭಾರತದ್ದೋ ಜಾಗತಿಕ ಮಾನಕ ಸಮಯವಾದ ಯುಟಿಸಿಯೋ ಎಂಬುದೂ ಬೇಕು: ಮಂಡ್ಯದ ನಡುರಾತ್ರಿ ಯುಟಿಸಿಯಲ್ಲಿ ಹಿಂದಿನ ದಿನದ ಸಂಜೆ 6.30. ಲಾಗ್‌ನೊಳಗೆ ಯಾರೋ ಸೇರಿಸಿದ ‘ಈ ಕಡತ ಅಳಿಸು’ ಎಂಬಂಥ ಸಾಲನ್ನು ಆಜ್ಞೆಯೆಂದು ಪಾಲಿಸದೆ ಬರೀ ದತ್ತಾಂಶವೆಂದು ನೋಡಬೇಕೆಂಬ ಎಚ್ಚರಿಕೆ ಇಲ್ಲದ ಕೈಪಿಡಿಯನ್ನು ಬಳಕೆಗೆ ಬಿಡಲೇಬಾರದು.

ಕೈಪಿಡಿಯಲ್ಲಿ ಉದಾಹರಣೆಗಳು ಮೂರಾದರೂ ಇರಬೇಕು: ಗೊತ್ತಿರುವ ದೋಷವೊಂದನ್ನು ಬೇಕೆಂದೇ ಸೇರಿಸಿದ ಕಡತ, ದೋಷವೇ ಇಲ್ಲದ ಕಡತ, ಇಲ್ಲದೇ ಇರುವ ಕಡತ. ಮೂರಕ್ಕೂ ಉಪಕರಣ ಕೊಡುವ ಉತ್ತರವನ್ನು ಅಕ್ಷರ ಬದಲಿಸದೆ ಅಚ್ಚುಮಾಡಿ, ಉಪಕರಣದ ಹೊಸ ಆವೃತ್ತಿ ಬಂದಾಗಲೆಲ್ಲ ಮತ್ತೆ ಓಡಿಸಿ ತಾಳೆ ನೋಡಬೇಕಾಗುತ್ತದೆ.