ಹೊರಗೆ ಚಕ್ರಾಧಿಪತ್ಯ, ಒಳಗೆ ಸುಧಾರಣೆ: ಅಮೇರಿಕೆಯ ಒಂದು ಯುಗವೂ ಮೈಸೂರು ಸಂಸ್ಥಾನವೂ

ಮಲಾಡಿಗೆ ಪಶ್ಚಿಮದಲ್ಲಿ, ಮಢ ಭೂಶಿರದ ತುದಿಯಲ್ಲಿ, ಪೋರ್ಚುಗೀಸರು ಕಟ್ಟಿದ ಸಣ್ಣ ಕೋಟೆಯೊಂದಿದೆ. ಅದು 1739ರಲ್ಲಿ ಮರಾಠರ ವಶವಾಗಿ, 1774ರಲ್ಲಿ ಸಾಷ್ಟಿ ದ್ವೀಪವನ್ನು ಇಂಗ್ಲಿಷರು ಗೆದ್ದಾಗ ಅವರ ಪಾಲಾಯಿತು. ಕಡಲಾಚೆಯಿಂದ ಬಂದು ಆಳುವುದೆಂದರೇನೆಂಬುದು ಈ ಕರಾವಳಿಗೆ ಹೊಸ ಪಾಠವಲ್ಲ. ಆದರೆ ತಾನೇ ಒಂದು ಕಾಲದಲ್ಲಿ ವಸಾಹತಾಗಿದ್ದು, ಆ ವಿದ್ಯೆಯನ್ನು ಬಹಳ ತಡವಾಗಿ ಕಲಿತ ಅಮೇರಿಕೆಯ ಸಂಗತಿಯು ವಿಲಕ್ಷಣವಾದುದು. ಅದು ಹೊರಗೆ ಚಕ್ರಾಧಿಪತ್ಯವನ್ನು ಸಂಪಾದಿಸಿದ ಕಾಲವೂ, ಒಳಗೆ ಪ್ರಜೆಗಳ ಹಿತಕ್ಕಾಗಿ ದೊಡ್ಡ ಸುಧಾರಣೆಗಳಿಗೆ ಕೈಹಾಕಿದ ಕಾಲವೂ ಒಂದೇ. ಆ ಸುಧಾರಣೆಯ ಒಂದು ಕವಲು ಮೈಸೂರಿಗೂ ಹರಿದು ಬಂದಿತಾದುದರಿಂದ, ಅದರ ಮೂಲವನ್ನು ಕನ್ನಡಿಗರಾದ ನಾವು ವಿಚಾರಿಸುವುದು ಉಚಿತವಾಗಿದೆ.

1898ರ ಏಪ್ರಿಲಿನಲ್ಲಿ ಕ್ಯೂಬಾದ ವಿಮೋಚನೆಯ ಹೆಸರಿನಲ್ಲಿ ಸ್ಪೇನಿನೊಡನೆ ಆರಂಭವಾದ ಯುದ್ಧವು ಆಗಸ್ಟಿನಲ್ಲಿ ನಿಂತಿತು. ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಆದ ಕೌಲಿನಂತೆ ಪೋರ್ಟೋ ರಿಕೋ, ಗುವಾಮ್, ಫಿಲಿಪೈನ್ಸ್ ದ್ವೀಪಗಳು ಅಮೇರಿಕೆಯ ಕೈಸೇರಿದವು. ಫಿಲಿಪೈನ್ಸಿಗಾಗಿ ಸ್ಪೇನಿಗೆ 2 ಕೋಟಿ ಡಾಲರುಗಳು ಸಂದವು. ಹವಾಯಿಯನ್ನು ಅದೇ ವರ್ಷದ ಜುಲೈಯಲ್ಲಿಯೇ ಸೇರಿಸಿಕೊಂಡಾಗಿತ್ತು. ಕೌಲು ಸೆನೇಟಿನಲ್ಲಿ 57ಕ್ಕೆ 27 ಮತಗಳಿಂದ ಅಂಗೀಕೃತವಾಯಿತು. ಮೂರರಲ್ಲೆರಡು ಪಾಲು ಬೇಕಾಗಿದ್ದಲ್ಲಿ ಒಂದೇ ಮತ ಹೆಚ್ಚಾಗಿ ಬಂದಿತ್ತೆಂಬುದನ್ನು ನೆನೆದರೆ, ಆ ದೇಶದ ಅಂತಃಕರಣವು ಎಷ್ಟರಮಟ್ಟಿಗೆ ಇಬ್ಭಾಗವಾಗಿದ್ದಿತೆಂಬುದು ತಿಳಿಯುತ್ತದೆ. ಸ್ಪೇನಿನ ವಿರುದ್ಧ ತಾವೇ ಬಂಡೆದ್ದು ಗಣರಾಜ್ಯವನ್ನು ಘೋಷಿಸಿಕೊಂಡಿದ್ದ ಫಿಲಿಪಿನೋ ಜನರು ಹೊಸ ಒಡೆಯರನ್ನು ಒಪ್ಪಲಿಲ್ಲ. 1899ರಿಂದ 1902ರವರೆಗೆ ನಡೆದ ಕಾಳಗದಲ್ಲಿ ಸುಮಾರು 4,200 ಅಮೇರಿಕನ್ನರೂ 20,000ಕ್ಕೂ ಮೇಲ್ಪಟ್ಟು ಫಿಲಿಪಿನೋ ಯೋಧರೂ ಮಡಿದರು. ಹೋರಾಟ, ಕ್ಷಾಮ, ರೋಗಗಳಿಗೆ ತುತ್ತಾದ ಸಾಮಾನ್ಯ ಜನರ ಸಂಖ್ಯೆಯನ್ನು 2 ಲಕ್ಷದವರೆಗೆ ಎಣಿಸುವುದುಂಟು.

ಈ ಕಾಳಗ ನಡೆಯುತ್ತಿದ್ದಂತೆಯೇ ವಿಸ್ಕಾನ್ಸಿನ್ ಪ್ರಾಂತದಲ್ಲಿ ಬೇರೊಂದು ಬಗೆಯ ಹೋರಾಟವು ತಲೆಯೆತ್ತಿತು. 1901ರಲ್ಲಿ ಅಲ್ಲಿಯ ಗವರ್ನರನಾದ ರಾಬರ್ಟ್ ಲಾಫಾಲೆಟ್ಟನು ರೈಲ್ವೆ ಕಂಪೆನಿಗಳ ಮತ್ತು ಪಕ್ಷದ ಧಣಿಗಳ ಹಿಡಿತದಿಂದ ಸರ್ಕಾರವನ್ನು ಬಿಡಿಸಲು ಹೊರಟನು. ಪಕ್ಷದ ಅಭ್ಯರ್ಥಿಗಳನ್ನು ಮತದಾರರೇ ಆರಿಸುವ ಪದ್ಧತಿ, ರೈಲ್ವೆಯ ಮೇಲಣ ಅಧಿಕಾರಮಂಡಲಿ, 1911ರ ಹೊತ್ತಿಗೆ ವರಮಾನ ತೆರಿಗೆ, ಗಾಯಗೊಂಡ ಕಾರ್ಮಿಕರಿಗೆ ಪರಿಹಾರ ಇವೆಲ್ಲ ಅಲ್ಲಿ ಕಾಯಿದೆಗಳಾದವು. ಇವುಗಳಿಗೆ ಬೆನ್ನೆಲುಬಾಗಿ ನಿಂತುದು ಮ್ಯಾಡಿಸನ್ನಿನ ವಿಶ್ವವಿದ್ಯಾನಿಲಯ. ಅದರ ಅಧ್ಯಕ್ಷನಾದ ಚಾರ್ಲ್ಸ್ ವಾನ್ ಹೈಸನು, ಪ್ರಾಂತದ ಪ್ರತಿಯೊಂದು ಮನೆಗೂ ವಿದ್ಯೆಯ ಪ್ರಯೋಜನವು ಮುಟ್ಟಬೇಕೆಂಬ ತತ್ತ್ವವನ್ನು ಹಿಡಿದನು. ಹಾಲಿನ ಪರೀಕ್ಷೆ, ಬೀಜದ ಆಯ್ಕೆ, ಮಸೂದೆಯ ರಚನೆ ಎಲ್ಲದಕ್ಕೂ ಪ್ರಾಧ್ಯಾಪಕರು ಊರೂರಿಗೆ ನೆರವಾದರು. ಇಡೀ ದೇಶದಲ್ಲಿಯೂ 1906ರಲ್ಲಿ ಆಹಾರ ಮತ್ತು ಔಷಧಗಳ ಶುದ್ಧಿಯ ಕಾಯಿದೆ, 1913ರಲ್ಲಿ ಸೆನೇಟರುಗಳ ನೇರ ಚುನಾವಣೆ, 1920ರಲ್ಲಿ ಸ್ತ್ರೀಯರಿಗೆ ಮತಾಧಿಕಾರ ಬಂದವು.

ಈ ಎರಡು ಪ್ರವಾಹಗಳನ್ನು ಪರಸ್ಪರ ವಿರುದ್ಧವೆಂದು ಭಾವಿಸುವುದು ಸಹಜ. ಕೆಲವರ ಮಟ್ಟಿಗೆ ಅದು ನಿಜವೂ ಹೌದು. 1896ರ ಜನವರಿಯಲ್ಲಿ ಮುಂಬಯಿಗೆ ಬಂದು ವಾಟ್ಸನ್ ಹೋಟೆಲಿನಲ್ಲಿ ತಂಗಿದ್ದ ಮಾರ್ಕ್ ಟ್ವೇನನು 1900ರಲ್ಲಿ ಸ್ವದೇಶಕ್ಕೆ ಮರಳಿದಾಗ, ತಾನು ಮೊದಲು ಮೆಚ್ಚಿದ್ದ ಈ ವಿಸ್ತರಣೆಯನ್ನು ಬಹಿರಂಗವಾಗಿ ಖಂಡಿಸಿ ಚಕ್ರಾಧಿಪತ್ಯವಿರೋಧಿ ಸಂಘದ ಉಪಾಧ್ಯಕ್ಷರಲ್ಲೊಬ್ಬನಾದನು. ಆದರೆ ಅನೇಕ ಪ್ರಮುಖರಲ್ಲಿ ಎರಡೂ ಒಂದೇ ಮನಸ್ಸಿನಿಂದ ಹೊರಟವು. ಕಂಪೆನಿಗಳ ಏಕಸ್ವಾಮ್ಯವನ್ನು ಮುರಿಯಲೆಳಸಿದ ಥಿಯೊಡರ್ ರೂಸ್‌ವೆಲ್ಟನು ಕ್ಯೂಬಾದಲ್ಲಿ ಸ್ವತಃ ಕಾದಿದವನು. ಬಾಲಕಾರ್ಮಿಕರ ಪರವಾಗಿ ವಾದಿಸಿದ ಸೆನೇಟರ್ ಬೆವರಿಜ್ ಫಿಲಿಪೈನ್ಸನ್ನು ಬಿಡಕೂಡದೆಂದು ಗರ್ಜಿಸಿದವನು. 1901ರಲ್ಲಿ ‘ಥಾಮಸ್’ ಎಂಬ ಹಡಗಿನಲ್ಲಿ ಸುಮಾರು 500 ಮಂದಿ ಉಪಾಧ್ಯಾಯರು ಮನಿಲಾಕ್ಕೆ ಬಂದಿಳಿದರು. ಅವರು ಕಲಿಸಿದ ಇಂಗ್ಲಿಷೂ ಕಟ್ಟಿದ ಶಾಲೆಗಳೂ ಸುಳ್ಳಲ್ಲ. ತಿಳಿದವನು ತಿಳಿಯದವನ ಬಾಳನ್ನು ತಿದ್ದಬಲ್ಲನೆಂಬ ನಂಬಿಕೆಯೇ ವಿಸ್ಕಾನ್ಸಿನ್ನಿನ ಹೊಲಕ್ಕೂ ಮನಿಲಾದ ಶಾಲೆಗೂ ಮೂಲವಾಗಿತ್ತು. ಭೇದವೊಂದೇ: ವಿಸ್ಕಾನ್ಸಿನ್ನಿನ ರೈತನು ಪ್ರಾಧ್ಯಾಪಕನ ಮಾತು ಹಿಡಿಸದಿದ್ದರೆ ಗವರ್ನರನನ್ನೇ ಬದಲಾಯಿಸಬಲ್ಲವನಾಗಿದ್ದನು, ಫಿಲಿಪಿನೋಗೆ ಆ ಅಧಿಕಾರವಿರಲಿಲ್ಲ. ಸಂವಿಧಾನದ ಎಲ್ಲ ಹಕ್ಕುಗಳೂ ಹೊಸ ದ್ವೀಪಗಳಿಗೆ ತಾವಾಗಿ ಅನ್ವಯಿಸವೆಂದು ಅಮೇರಿಕೆಯ ಶ್ರೇಷ್ಠ ನ್ಯಾಯಾಲಯವೇ 1901ರಿಂದ ತೀರ್ಪುಗಳನ್ನಿತ್ತಿತು. ಸ್ವದೇಶದ ದಕ್ಷಿಣ ಪ್ರಾಂತಗಳ ನೀಗ್ರೋ ಜನರ ಮತವೂ ಇದೇ ಸುಧಾರಣೆಯ ಯುಗದಲ್ಲಿ ಕಿತ್ತುಹೋಯಿತೆಂಬುದನ್ನು ಮರೆಯಲಾಗದು.

ಇನ್ನು ಮೈಸೂರಿನ ಮಾತು. 1884ರಿಂದ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ದುಡಿದು, 1898ರಲ್ಲಿ ಜಪಾನನ್ನು ಕಣ್ಣಾರೆ ಕಂಡು ಬಂದಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1912ರ ನವೆಂಬರಿನಲ್ಲಿ ಮೈಸೂರಿನ ದಿವಾನರಾದರು. ಅವರ ಕಾಲದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅದರ ಸ್ವರೂಪವನ್ನು ನಿರ್ಣಯಿಸಲು ಸಿ. ಆರ್. ರೆಡ್ಡಿಯವರೂ ಥಾಮಸ್ ಡೆನ್‌ಹ್ಯಾಮರೂ ಪರದೇಶಗಳ ಪದ್ಧತಿಗಳನ್ನು ಪರಿಶೀಲಿಸಿದ್ದರು. ಸ್ವತಂತ್ರ ಸಂಶೋಧನೆಯ ಆದರ್ಶವು ಶಿಕಾಗೋದಿಂದಲೂ, ವಿದ್ಯಾಲಯದ ಹೊರಗಿನ ಜನರಿಗೆ ವಿದ್ಯೆಯನ್ನು ಮುಟ್ಟಿಸುವ ಆದರ್ಶವು ವಿಸ್ಕಾನ್ಸಿನ್ನಿನಿಂದಲೂ ಬಂದವು. ಮುಂದೆ ಅಧ್ಯಾಪಕರು ಹಳ್ಳಿಹಳ್ಳಿಗೆ ಹೋಗಿ ಕನ್ನಡದಲ್ಲಿ ಮಾಡಿದ ಪ್ರಚಾರೋಪನ್ಯಾಸಗಳನ್ನೂ, ಆ ಮಾಲೆಯ ಪುಟ್ಟ ಪುಸ್ತಕಗಳನ್ನೂ ಬಲ್ಲ ಓದುಗರು, ಅವುಗಳ ಬೇರು ಅಮೇರಿಕೆಯ ಹೈನುಗಾರರ ನಾಡಿನವರೆಗೆ ಚಾಚಿದೆಯೆಂದು ಕೇಳಿ ಬೆರಗಾಗಬಹುದು. ಬಂದ ಬೀಜ ಪರದೇಶದ್ದಾದರೂ ಬೆಳೆ ಮಾತ್ರ ಅಚ್ಚಕನ್ನಡದ್ದು.

ಆದರೆ ಬೀಜದೊಡನೆ ಪ್ರಶ್ನೆಯೂ ಬಂದಿತು. ಮೈಸೂರಿಗೆ ಹೊರಗೆ ವಸಾಹತುಗಳಿರಲಿಲ್ಲ, ತಾನೇ ಪರಾಧೀನ ಸಂಸ್ಥಾನ. 1881ರ ಪ್ರಜಾಪ್ರತಿನಿಧಿ ಸಭೆಯು ಅಹವಾಲುಗಳನ್ನು ಹೇಳಿಕೊಳ್ಳುವ ಸಭೆಯಾಗಿತ್ತೇ ಹೊರತು ಕಾಯಿದೆ ಮಾಡುವ ಸಭೆಯಾಗಿರಲಿಲ್ಲ. ಕಡ್ಡಾಯ ಶಿಕ್ಷಣ, ಬ್ಯಾಂಕು, ಕನ್ನಂಬಾಡಿಯ ಕಟ್ಟೆ ಇವೆಲ್ಲ ತಜ್ಞರ ವಿವೇಕದಿಂದ ಮೇಲಿನಿಂದ ಇಳಿದು ಬಂದ ವರಗಳು. ಆ ತಜ್ಞರಾದರೋ ಬಹುಮಟ್ಟಿಗೆ, ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಬ್ರಾಹ್ಮಣ ಸಮುದಾಯದವರು. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಲಿಯು ಮರುವರ್ಷ ಮಹಾರಾಜರಲ್ಲಿ ಈ ವಿಷಯವನ್ನು ಅರಿಕೆ ಮಾಡಿಕೊಂಡಿತು; ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ವಿದ್ಯೆ ಹರಡಿದಂತೆ ಈ ಅಸಮತೆ ತಾನಾಗಿ ಅಳಿಯುವುದೆಂದೂ, ನೇಮಕದಲ್ಲಿ ಯೋಗ್ಯತೆಯ ಅಳತೆಯನ್ನು ಸಡಿಲಿಸಿದರೆ ಆಡಳಿತ ಕೆಡುವುದೆಂದೂ ದಿವಾನರ ನಿಲುವು. ಅವರು 1918ರ ಡಿಸೆಂಬರಿನಲ್ಲಿ ಅಧಿಕಾರವನ್ನು ಬಿಟ್ಟರು. ಅವರ ನಿಷ್ಠೆಯನ್ನು ಶಂಕಿಸತಕ್ಕವರಾರೂ ಇಲ್ಲ. ಆದರೂ ಈ ಒಂದು ವಿಷಯದಲ್ಲಿ, ಲೇಖಕನ ಅಭಿಪ್ರಾಯದಲ್ಲಿ, ಮಂಡಲಿಯವರ ಕಡೆಗೇ ನ್ಯಾಯವಿತ್ತು. ವಿದ್ಯೆ ಹರಡುವವರೆಗೆ ಕಾದಿರಿ ಎಂಬ ಮಾತನ್ನೇ ಮನಿಲಾದಲ್ಲಿ ಫಿಲಿಪಿನೋಗಳಿಗೂ ಹೇಳಲಾಗುತ್ತಿತ್ತು. ಸಮಿತಿಯ ವರದಿ 1919ರಲ್ಲಿ ಹೊರಬಂದು, 1921ರಲ್ಲಿ ಸರ್ಕಾರದ ಆಜ್ಞೆಯಾಯಿತು.

ಅಮೇರಿಕೆಯ ಈ ಯುಗದ ವಿದ್ಯೆಯನ್ನು ಅದರ ತವರಿನಲ್ಲಿಯೇ ಕಲಿತು ಬಂದ ಮತ್ತೊಬ್ಬರು ಮುಂಬಯಿಯಲ್ಲಿದ್ದರು. ಪರೇಲಿನಲ್ಲಿ ಅವರು ವಾಸಿಸುತ್ತಿದ್ದ ಚಾಳು, ಪ್ಲೇಗಿನ ತರುವಾಯ 1898ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಟ್ರಸ್ಟು ಕಟ್ಟಿದುದು. ನಗರವನ್ನು ಶುದ್ಧಿಗೊಳಿಸಲು ಬಡವರ ಮನೆಗಳನ್ನು ಕೆಡವಿದ ಟ್ರಸ್ಟು ಅದು. 1913ರಿಂದ 1916ರವರೆಗೆ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ, ವರಮಾನ ತೆರಿಗೆಯ ಪ್ರತಿಪಾದಕರಾದ ಸೆಲಿಗ್ಮನ್ ಮತ್ತು ತತ್ತ್ವಜ್ಞಾನಿ ಜಾನ್ ಡ್ಯೂಯಿ ಇವರ ಬಳಿ ಅಭ್ಯಸಿಸಿದ್ದ ಡಾ. ಭೀಮರಾವ್ ಅಂಬೇಡ್ಕರರು, ಮಿಲ್ಲರ್ ವರದಿ ಬಂದ 1919ರಲ್ಲಿಯೇ, ಜನವರಿಯಲ್ಲಿ, ಮತಾಧಿಕಾರವನ್ನು ವಿಚಾರಿಸುತ್ತಿದ್ದ ಸೌತ್‌ಬರೋ ಸಮಿತಿಯ ಮುಂದೆ ನಿಂತು, ಅಸ್ಪೃಶ್ಯರ ಪರವಾಗಿ ಮಾತನಾಡಲು ಅಸ್ಪೃಶ್ಯರೇ ಆದ ಪ್ರತಿನಿಧಿಗಳು ಬೇಕೆಂದು ಸಾಕ್ಷ್ಯವಿತ್ತರು.