ಮಖ್ರಜ್‌ನಿಂದ ವರ್ಗಾಕ್ಷರಕ್ಕೆ: ಬೆಂಗಳೂರಿನ ಹೊರವಲಯದ ಮಕ್ತಬ್‌ಗಳಲ್ಲಿ ಪಠ್ಯಕ್ರಮದ ಪ್ರಶ್ನೆ

ಮದರಸಾ ಸುಧಾರಣೆಯ ಯೋಜನೆಗಳು ಹೆಚ್ಚಾಗಿ ಒಂದೇ ದಾರಿ ಹಿಡಿದಿವೆ: ಇರುವ ಪಾಠದ ಪಕ್ಕಕ್ಕೆ ಹೊಸ ವಿಷಯಗಳನ್ನು ಸೇರಿಸುವುದು. 2009ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಯೋಜನೆ ಗಣಿತ, ವಿಜ್ಞಾನ ಮೊದಲಾದವನ್ನು ಕಲಿಸುವ ಪದವೀಧರರಿಗೆ ತಿಂಗಳಿಗೆ 6,000 ರೂಪಾಯಿ, ಸ್ನಾತಕೋತ್ತರ ಪದವಿಯ ಜೊತೆಗೆ ಬಿ.ಎಡ್. ಮಾಡಿದವರಿಗೆ 12,000 ರೂಪಾಯಿ ಗೌರವಧನ ಕೊಡುತ್ತಿತ್ತು; 2022ರ ಹೊತ್ತಿಗೆ ಅದು ನಿಂತಿತು. ಮದರಸಾ ಮಕ್ಕಳು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆಯಲು ಕರ್ನಾಟಕದ 2025-26ರ ಬಜೆಟ್ ನೆರವು ಘೋಷಿಸಿತು. ಇವೆಲ್ಲ ಬೇಕಾದವೇ. ಆದರೆ ಮದರಸಾದೊಳಗೆ ಈಗಾಗಲೇ ನಡೆಯುತ್ತಿರುವ ಪಾಠವನ್ನು ಇವು ಮುಟ್ಟುವುದಿಲ್ಲ. ನವೀಕರಣ ಆ ಪಾಠದಿಂದಲೇ ಶುರುವಾಗಬಹುದು, ಅದಕ್ಕೆ ಬೇಕಾದ ಸಾಮಗ್ರಿ ಅಲ್ಲೇ ಇದೆ ಎಂಬುದು ಈ ಲೇಖನದ ವಾದ.

ಶಾಲಾ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದರಸಾಕ್ಕೆ ಹೋಗುವವರು ಶೇ. 3ರಷ್ಟು ಮಾತ್ರ ಎಂದು 2006ರ ಸಾಚಾರ್ ಸಮಿತಿ ವರದಿ ತೋರಿಸಿತು. ಶಾಲೆಗೆ ಹೋಗುತ್ತಲೇ ಬೆಳಿಗ್ಗೆಯೋ ಸಂಜೆಯೋ ಮಸೀದಿಯ ಪಾಠಶಾಲೆಯಾದ ಮಕ್ತಬ್‌ಗೆ ಬರುವ ಮಕ್ಕಳ ಗುಂಪು ಇದಕ್ಕಿಂತ ಬಹಳ ದೊಡ್ಡದು. ಪೀಣ್ಯದ ಕಾರ್ಖಾನೆಗಳ ಸುತ್ತ, ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡ್‌ಗಳ ಅಂಚಿನಲ್ಲಿ ಈ ಗುಂಪಿನ ಭಾಷೆ ಒಂದಲ್ಲ. ರಾಯಚೂರು, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು, ದಖನಿ ಆಡುವ ಹಳೆಯ ಬೆಂಗಳೂರಿಗರ ಮಕ್ಕಳು, ತೂಬರಹಳ್ಳಿಯಂಥ ಕಡೆ ಶೆಡ್ಡುಗಳಲ್ಲಿರುವ ಬಂಗಾಳಿ ಮಾತಿನ ಚಿಂದಿ ಆಯುವವರ ಮಕ್ಕಳು ಇದರಲ್ಲಿದ್ದಾರೆ. ಮಲಯಾಳಿ ಕುಟುಂಬಗಳಿಗೆ 1951ರಿಂದ ಬೆಳೆದು ಬಂದ ಕೇರಳದ ಸಮಸ್ತ ಮದರಸಾ ಮಂಡಳಿಯ ತರಗತಿವಾರು ಪಠ್ಯವೂ ಪಬ್ಲಿಕ್ ಪರೀಕ್ಷೆಯೂ ಇವೆ. ಉಳಿದವರಿಗೆ ಕಲಿಸುವ ಹಜರತ್, ಅಂದರೆ ಗುರು, ಅನೇಕ ಕಡೆ ಬಿಹಾರದವರೋ ಉತ್ತರ ಪ್ರದೇಶದವರೋ ಆಗಿರುತ್ತಾರೆ. ಅವರು ವಿವರಿಸುವುದು ಉರ್ದುವಿನಲ್ಲಿ.

ಮಕ್ತಬ್‌ನ ಮೊದಲ ಪುಸ್ತಕ ಕಾಯಿದಾ. ಅದನ್ನು ಹಿಡಿದ ಮಗು ಅರಬಿ ಅಕ್ಷರದ ಆಕಾರದ ಜೊತೆಗೇ ಅದರ ಮಖ್ರಜ್ ಕಲಿಯುತ್ತದೆ, ಅಂದರೆ ಆ ಧ್ವನಿ ಬಾಯಿಯ ಯಾವ ಜಾಗದಿಂದ ಹೊರಡುತ್ತದೆ ಎಂಬುದನ್ನು. ಕುರ್‌ಆನ್ ಉಚ್ಚಾರಣೆಯ ಶಾಸ್ತ್ರವಾದ ತಜ್ವೀದಿನ ಪಂಡಿತ ಇಬ್ನುಲ್ ಜಜರಿ ಇಂಥ 17 ಜಾಗಗಳನ್ನು ಎಣಿಸಿದ್ದಾನೆ. ಹಮ್ಜಾ ಗಂಟಲಿನ ಆಳದಿಂದ, ಐನ್ ನಡುಗಂಟಲಿನಿಂದ, ಬಾ ಮತ್ತು ಮೀಮ್ ತುಟಿಗಳು ಕೂಡುವಲ್ಲಿಂದ. ಕನ್ನಡ ವರ್ಣಮಾಲೆಯ ಜೋಡಣೆ ನಿಂತಿರುವುದೂ ಇದೇ ತತ್ವದ ಮೇಲೆ: ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ. ಶಾಲೆಯಲ್ಲಿ ಈ ಕ್ರಮ ಸಾಮಾನ್ಯವಾಗಿ ಬಾಯಿಪಾಠವಾಗಿಯೇ ಉಳಿಯುತ್ತದೆ. ಮಕ್ತಬ್‌ನ ಮಗುವಾದರೋ ನಾಲಿಗೆ ಎಲ್ಲಿ ತಾಗಬೇಕೆಂದು ದಿನವೂ ತಿದ್ದಿಸಿಕೊಳ್ಳುತ್ತದೆ. ಆ ಮಗುವಿಗೆ ಪವರ್ಗವನ್ನು ಬಾ, ಮೀಮ್‌ಗಳ ಜಾಗ ತೋರಿಸಿಯೇ ಕಲಿಸಬಹುದು. ಟ, ಡ ಮತ್ತು ಮಹಾಪ್ರಾಣಗಳು ಅರಬಿಯಲ್ಲಿಲ್ಲ, ಉರ್ದುವಿನಲ್ಲಿವೆ. ಉರ್ದು ಬಲ್ಲ ಮಗುವಿಗೆ ಹೊಸದಾಗುವುದು ಮುಖ್ಯವಾಗಿ ಣ ಮತ್ತು ಳ. ಬಂಗಾಳಿ ಲಿಪಿಯದಂತೂ ಇದೇ ವರ್ಗಕ್ರಮ, ಆದರೆ ಅದರಲ್ಲಿ ವ ಮತ್ತು ಬ ಒಂದೇ ಅಕ್ಷರವಾಗಿರುವುದರಿಂದ ಆ ಮಕ್ಕಳ ತೊಡಕು ಅಲ್ಲಿರುತ್ತದೆ. ಹ್ರಸ್ವ-ದೀರ್ಘದ ವಿಷಯದಲ್ಲಿ ಹೋಲಿಕೆ ಇನ್ನೂ ನಿಕಟ. ಅರಬಿಯಲ್ಲಿ ಸ್ವರವನ್ನು ಎಳೆಯುವ ಸಹಜ ಮದ್ದ್ ಎರಡು ಹ್ರಸ್ವಸ್ವರಗಳ, ಅಂದರೆ ಎರಡು ಹರಕತ್‌ಗಳ ಅವಧಿಯದು. ನಮ್ಮ ದೀರ್ಘಸ್ವರ ಎರಡು ಮಾತ್ರೆಯದು. ಕನ್ನಡ ಹೊಸದಾಗಿ ಬರೆಯುವವರು ಹೆಚ್ಚು ತಪ್ಪುವ ಕಡೆಯಲ್ಲೇ ಈ ಮಕ್ಕಳ ಕಿವಿ ಹದವಾಗಿದೆ. ಇಂಥ ಆಸ್ತಿಯನ್ನು ನಮ್ಮ ಪಠ್ಯಕ್ರಮದ ಚರ್ಚೆಗಳು ಕಾಣದೆ ಹೋಗಿರುವುದು ನೋವಿನ ಸಂಗತಿ.

ಧ್ವನಿ ಬಂದ ಮಾತ್ರಕ್ಕೆ ಅರ್ಥ ಬರುವುದಿಲ್ಲ ಎಂಬ ಆಕ್ಷೇಪ ಸರಿಯಾದುದೇ. ನಾಜಿರಾ, ಅಂದರೆ ಕುರ್‌ಆನನ್ನು ನೋಡಿ ಓದುವ ಪಾಠ, ಮುಗಿಸಿದ ಮಗುವಿಗೆ ತಾನು ಓದಿದ್ದರ ಅರ್ಥ ಗೊತ್ತಿರುವುದಿಲ್ಲ. ಈ ಟೀಕೆ ಹೊರಗಿನಿಂದ ಬಂದದ್ದಲ್ಲ. ಭಾಷೆ, ಕಾವ್ಯ, ಲೆಕ್ಕ ಮೊದಲಾಗಲಿ, ಕುರ್‌ಆನ್ ಪಾಠ ಆಮೇಲೆ ಬರಲಿ ಎಂಬ ಖಾಜಿ ಅಬೂಬಕ್ರ್ ಇಬ್ನುಲ್ ಅರಬಿಯ ಸಲಹೆಯನ್ನು ಇತಿಹಾಸಕಾರ ಇಬ್ನ್ ಖಲ್ದೂನ್ 1377ರ ‘ಮುಖದ್ದಿಮಾ’ದಲ್ಲಿ ಮೆಚ್ಚಿ ದಾಖಲಿಸಿದ, ರೂಢಿ ಅದಕ್ಕೆ ಒಗ್ಗದು ಎಂಬುದನ್ನೂ ಹೇಳಿದ. ನಮ್ಮ ಮಕ್ತಬ್‌ಗಳಲ್ಲಿ ಈಗಿರುವ ಕ್ರಮವನ್ನು ತಲೆಕೆಳಗು ಮಾಡಬೇಕಿಲ್ಲ. ಚಿಕ್ಕ ಸೂರಾಗಳ ಅರ್ಥ, ನಮಾಜಿನ ಮಾತುಗಳ ಅರ್ಥ ಕನ್ನಡದಲ್ಲೂ ಸಿಗಲಿ. ಬಂಗಾಳಿ ಮಗುವಿಗೂ ರಾಯಚೂರಿನ ಮಗುವಿಗೂ ಶಾಲೆಯಲ್ಲಿ ಕಿವಿಗೆ ಬೀಳುವ ಸಮಾನ ಭಾಷೆ ಅದೇ.

ಕುರ್‌ಆನ್ ಕಂಠಪಾಠದ ಹಿಫ್ಜ್ ತರಗತಿಯಲ್ಲಿ ಪ್ರತಿ ಮಗುವಿನ ಪುಟ ಬೇರೆ: ಹೊಸ ಪಾಠ ಸಬಕ್, ಇತ್ತೀಚಿನದರ ಪುನರಾವರ್ತನೆ ಸಬ್ಕಿ, ಹಳೆಯದರದು ಮಂಜಿಲ್. ಆದ್ದರಿಂದ ಕನ್ನಡ ಕಲಿಸಲು ಇಡೀ ತರಗತಿಗೆ ಒಂದೇ ಪಾಠ ಮಾಡುವ ಪುಸ್ತಕಕ್ಕಿಂತ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ, ಮಗು ತನ್ನ ವೇಗದಲ್ಲೇ ಕಲಿಯುವ ನಲಿ-ಕಲಿಯ ಮೆಟ್ಟಿಲು ಮತ್ತು ಕಾರ್ಡುಗಳು ಇಲ್ಲಿಗೆ ಹೆಚ್ಚು ಹೊಂದುತ್ತವೆ.

ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಮದರಸಾ ಕಟ್ಟಿಸಿದ ಬೀದರಿನಲ್ಲೇ ಇಂದು ಶಾಹೀನ್ ಸಂಸ್ಥೆ ಹಾಫಿಜ್ ಆದ ಮಕ್ಕಳನ್ನು ಶಾಲಾ ಶಿಕ್ಷಣಕ್ಕೆ ತರುತ್ತಿದೆ. ಅವರಲ್ಲಿ ಕೆಲವರು ವೈದ್ಯಕೀಯ ಕಾಲೇಜಿನವರೆಗೆ ಹೋಗಿದ್ದಾರೆ. ಅದು ಕಂಠಪಾಠ ಮುಗಿದ ಮೇಲಿನ ಸೇತುವೆ; ಇಲ್ಲಿ ಕೇಳುತ್ತಿರುವುದು ಪಾಠದೊಳಗಿನದನ್ನು. ಮುಕ್ತ ಶಾಲೆಯ ದಾರಿಯಲ್ಲಿ ಬೇರೊಂದು ತೊಡಕಿದೆ: ಐದು ವಿಷಯಗಳಲ್ಲಿ ಭಾಷೆಯಾಗಿ ಉರ್ದು ಆಯ್ದುಕೊಂಡರೆ ಕನ್ನಡ ತಿಳಿಯದೆಯೇ ತೇರ್ಗಡೆಯಾಗಬಹುದು. ಹಾಗೆ ಪ್ರಮಾಣಪತ್ರ ಪಡೆದ ಹುಡುಗ ಪೀಣ್ಯದಲ್ಲಿ ಕನ್ನಡದ ಒಂದು ಸುರಕ್ಷತಾ ಸೂಚನೆಯನ್ನೂ ಓದಲಾರ.

ಮದರಸಾಗಳಲ್ಲಿ ಕನ್ನಡ ಕಲಿಸಲು ಕನ್ನಡ ಅಭಿವೃದ್ಧಿ ಪ್ರಾಧಿಕಾರ ಮುಂದಾಗಿರುವುದು ಸ್ವಾಗತಾರ್ಹ. ಆದರೆ ವಾರಕ್ಕೆ ಕೆಲವು ಗಂಟೆ ಹೊರಗಿನ ಶಿಕ್ಷಕರು ಬಂದು ಹೋದರೆ ಅದೂ ಮತ್ತೊಂದು ಸೇರ್ಪಡೆಯೇ ಆದೀತು. ಉತ್ತರ ಪ್ರದೇಶ, ಬಿಹಾರಗಳಂತೆ ನಮ್ಮಲ್ಲಿ ಶಾಸನಬದ್ಧ ಮದರಸಾ ಮಂಡಳಿಯಿಲ್ಲ. ಮಕ್ತಬ್‌ನ ಪಾಠಪಟ್ಟಿ ನಿರ್ಧಾರವಾಗುವುದು ಮಸೀದಿ ಸಮಿತಿಯಲ್ಲಿ. ಕಾಯಿದಾ ಕಲಿಸುವ ಹಜರತ್‌ಗೇ ಕನ್ನಡ ಬರಬೇಕು. ಅದಕ್ಕೆ ನಾಗವಾರದ ಸಬೀಲುರ್ರಶಾದ್‌ನಂಥ ಉನ್ನತ ಮದರಸಾಗಳಾದ ದಾರುಲ್ ಉಲೂಮ್‌ಗಳು ಧಾರ್ಮಿಕ ವಿದ್ವಾಂಸರ ಆಲಿಮ್ ಪದವಿಯ ಕೊನೆಯ ವರ್ಷದಲ್ಲಿ ಕನ್ನಡ ಬೋಧನೆಯ ಅಭ್ಯಾಸಕ್ಕೆ ಜಾಗ ಕೊಡಬೇಕು. ಆ ತರಬೇತಿ ಪಡೆದವರಿಗೆ ಸಮಿತಿಗಳು ಹೆಚ್ಚಿನ ಸಂಬಳ ಕೊಡಬೇಕು.